ಅರೆಹೊಟ್ಟೆಯಲ್ಲಿ ಕೂಗುವ ಸೈರನ್

ಸ್ಕೂಟರಿನ ಹಾರ್ನ್ ರಿಪೇರಿಗೆ ಬಂದಿದ್ದ ದರ್ಜಿ ಹೆಂಗಸು ಗಾಡಿ ಎಲೆಕ್ಟ್ರಿಷಿಯನ್ ಅಂಗಡಿಯ ಬೆಂಚಿನ ಮೇಲೆ ಮುದುಡಿ ಕುಳಿತಳು. ಎದುರಿಗಿದ್ದ ಆಂಬುಲೆನ್ಸ್ ಡ್ರೈವರ್ ದೂರುತ್ತಿದ್ದುದು ಅವಳನ್ನೇ, ಅವನಿಗೆ ಅವಳ ಮುಖ ಮಾತ್ರ ನೆನಪಿರಲಿಲ್ಲ. ನಿನ್ನೆ ಸೇತುವೆಯ ಮೇಲೆ ಹಿಂದಿನಿಂದ ಬಂದ ಸೈರನ್ ತನಗೆ ಕೇಳಿಸಲೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಆಗಿನಿಂದ ಅನ್ನ ನೀರು ರುಚಿಸಿರಲಿಲ್ಲ.

"ಹಸಿರು ಸ್ಕೂಟರ್ ಕಣಣ್ಣ. ಸೇತುವೆ ಮುಗಿಯೋವರೆಗೂ ಜಾಗ ಬಿಡ್ಲಿಲ್ಲ."

"ಈ ಸೈರನ್ನಿಗೆ ಎರಡನೇ ಸ್ಪೀಕರ್ ಯಾರು ಕಟ್ಟಿದ್ದು?" ಎಲೆಕ್ಟ್ರಿಷಿಯನ್ ಕೇಳಿದ.

"ನಾನೇ. ಸದ್ದು ಡಬಲ್ ಆಗ್ಲಿ ಅಂತ."

"ನಿನ್ನ ಸೈರನ್ ಡಬ್ಬಿ ನೂರು ವ್ಯಾಟಿಂದು. ಒಂದು ಸ್ಪೀಕರಿಗಷ್ಟೇ ಸಾಕಾಗುತ್ತೆ. ಈಗ ಎರಡೂ ಅರೆಹೊಟ್ಟೇಲಿ ಕೂಗ್ತಿವೆ."

"ನನಗೆ ಚೆನ್ನಾಗೇ ಕೇಳ್ತಿತ್ತಲ್ಲ!"

"ನಿನ್ನ ತಲೆ ಮೇಲೇ ಇದೆ, ಕೇಳದೆ ಏನು? ಮುಂದಿನವರಿಗೆ ಕೇಳಬೇಕಲ್ಲ."

"ಅಯ್ಯೋ, ಆಯಮ್ಮನಿಗೆ ಬಾಯಿಗೆ ಬಂದಂಗೆ ಬೈದ್ನಲ್ಲಣ್ಣ!"

"ನಿನ್ನೆ ಗಾಡೀಲಿದ್ದ ಪೇಷಂಟ್ ಹೇಗಿದ್ದಾರೆ?"

"ಅಜ್ಜ ಗಟ್ಟಿಯಾಗಿದ್ದಾರೆ. ಬೆಳಿಗ್ಗೆ ಎದ್ದು ಕೂತು, ಕನ್ನಡಕ ಎಲ್ಲಿ ಅಂತ ಗಲಾಟೆ ಮಾಡಿದ್ರಂತೆ."

ದರ್ಜಿಗೆ ಹೋದ ಜೀವ ಬಂದಂತಾಯಿತು.

ಎಲೆಕ್ಟ್ರಿಷಿಯನ್ ಎರಡನೆಯ ಸ್ಪೀಕರ್ ಬಿಚ್ಚಿಟ್ಟು, ಪರೀಕ್ಷೆಗೆಂದು ಡ್ರೈವರ್ ಪಕ್ಕ ಹತ್ತಿ ಕೂತ. ಗಾಡಿ ಹೊರಟಿತು. ತಿರುವಿನಾಚೆ ಸೈರನ್ ಬೀದಿಯೇ ಬೆಚ್ಚಿಬೀಳುವಂತೆ ಕೂಗಿತು. ಅವಳು ಎದ್ದು ಓಡಿ, ಆಂಬುಲೆನ್ಸಿಗೆ ದಾರಿ ಬಿಡುವವಳಂತೆ, ಅಂಗಡಿ ಪಕ್ಕದ ಸಂದಿಯಲ್ಲಿ ನಿಲ್ಲಿಸಿದ್ದ ಹಸಿರು ಸ್ಕೂಟರನ್ನು ಇನ್ನೂ ಒಂದಡಿ ಗೋಡೆಗೆ ಸರಿಸಿದಳು.