ಆಲದ ಕೊಂಬೆ ಮೇಲಿನ ನೀಲಿ ವೈರು

ನಗೋರು ಈಗಲೇ ನಕ್ಕುಬಿಡಿ. ಇದು ನಮ್ಮ ಚಿಕ್ಕಪ್ಪನ ಮಗ ಕದಿರೇಶನಿಗೆ ಗೌನಿಪಲ್ಲೀಲಿ ಆಗಿದ್ದು. ನೆನಸಿಕೊಂಡರೆ ಇವತ್ತಿಗೂ ನನಗೆ ಅನ್ನ ಸೇರಲ್ಲ.

ಅವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಆಲದ ಮರದ ಕೆಳಗೆ ಹಾದು ಮನೆಗೆ ಬರ್ತಿದ್ದ. ತಲೆ ಕೆಟ್ಟುಹೋಗಿತ್ತು. ಊರಿಗೆ ಮೊದಲನೇ ಇಂಟರ್ನೆಟ್ ಅಂಗಡಿ ಅವನದು. ಫೋನ್ ಲೈನು ಮನೇಲಿ. ಅಲ್ಲಿಂದ ರಸ್ತೆ ಆಚೆಯ ಅಂಗಡಿಗೆ ಆಲದ ಕೊಂಬೆ ಮೇಲೆ ನೀಲಿ ವೈರು ಎಳೆದಿದ್ದ. ಮೊದಮೊದಲು ಚೆನ್ನಾಗಿತ್ತು. ಸೋಮವಾರದಿಂದ ವೈರು ಚುಚ್ಚಿದರೆ ಸಾಕು, ಕಂಪ್ಯೂಟರ್ ಗರ ಬಡಿದ ಹಾಗೆ ನಿಂತುಬಿಡೋದು. ಮೌಸ್ ಅಲ್ಲಾಡಲ್ಲ, ಗಡಿಯಾರ ನಡೆಯಲ್ಲ. ಕಿತ್ತರೆ ಸರಿ. ನೆಟ್‌ವರ್ಕ್ ಕಾರ್ಡು ಬದಲಾಯಿಸಿದ, ವಿಂಡೋಸ್ ಹೊಸದಾಗಿ ಹಾಕಿದ, ಬೇರೆ ಕಂಪ್ಯೂಟರೇ ತಂದಿಟ್ಟ... ಊಹೂಂ. ಬೆಳಗಾದರೆ ಎಸ್ಸೆಸ್ಸೆಲ್ಸಿ ರಿಸಲ್ಟು. ಸುತ್ತಲ ಹಳ್ಳಿ ಮಕ್ಕಳೆಲ್ಲ ಅಲ್ಲಿಗೇ ಬರೋರು. ಅವತ್ತು ನಡೆಯದಿದ್ದರೆ ಅಂಗಡಿಗೆ ಬೀಗವೇ.

ಮರದ ಮೇಲಿಂದ... ಚಪ್. ಚಪ್. ಚಪ್.

ಕರು ಕೆಚ್ಚಲು ಚೀಪೋ ಸದ್ದು.

ಟಾರ್ಚ್ ಬಿಟ್ಟ. ಎಲೆ ಅಲ್ಲಾಡ್ತಿಲ್ಲ. ವೈರು ಮಾತ್ರ ಜಗ್ಗುತ್ತಿತ್ತು. ಕಾಂಡದ ಹತ್ತಿರ ಇಳಿದಿದ್ದ ಕಡೆ ಮುಟ್ಟಿದ... ಬೆಚ್ಚಗಿತ್ತು. ಬೆರಳಿಗೆಲ್ಲ ಲೋಳೆ. ಕೊಳೆತ ರಕ್ತದ ನಾತ. ಥೂ!

"ಯಾರು?" ಅಂದ, ಮೆಲ್ಲಗೆ.

"ನಾನೇ ನಾಯ್ನಾ."

ಪಕ್ಕದ ಮನೆ ಚಿಕ್ಕಗಂಗಮ್ಮ. ಕತ್ತಲಲ್ಲಿ ಕೊಂಬೆ ನೋಡ್ತಾ ನಿಂತಿದ್ದಳು.

"ನಮ್ಮ ಹಸು ಮಾಸು ಇಲ್ಲೇ ಕಟ್ಟಿದ್ದೆ. ಚೀಲಾನೇ ಇಲ್ಲ. ನೀನೇನಾದ್ರೂ ಕಂಡ್ಯಾ?"

ನಮ್ಮ ಕಡೆ ಗೊತ್ತಲ್ಲ, ಹಸು ಈದ ಮೇಲೆ ಬೀಳೋ ಮಾಸನ್ನ ಹುಲ್ಲಲ್ಲಿ ಸುತ್ತಿ, ಚೀಲದಲ್ಲಿ ಹಾಕಿ ಆಲದ ಕೊಂಬೆಗೆ ಕಟ್ತಾರೆ. ಗೀರಿದರೆ ಹಾಲು ಸುರಿಯೋ ಮರ, ಹಸುಗೂ ಹಾಗೇ ಹಾಲು ಇಳೀಲಿ ಅಂತ. ಆ ಮಾಸು ನಾಯಿ ಬಾಯಿಗೆ ಬಿದ್ದರೆ ಕೆಚ್ಚಲು ಬತ್ತುತ್ತೆ ಅಂತ ಮಾತು.

"ಇಲ್ಲ ದೊಡ್ಡಮ್ಮ," ಅಂದ ಕದಿರೇಶ.

ಸುಳ್ಳ! ವೈರಿಗೆ ಅಡ್ಡ ಬಂತು ಅಂತ ಚೀಲ ಕೊಯ್ದು ತಿಪ್ಪೆಗೆ ಎಸೆದವನೇ ಅವನು. ನಾಯಿಗಳು ಅದನ್ನ ಎಳೆದಾಡ್ತಿದ್ದರೆ ಬೀಡಿ ಸೇದ್ತಾ ನೋಡ್ತಿದ್ದನಂತೆ. ನಮ್ಮ ಮನೆತನದವನು ಅಂತ ಹೇಳ್ಕೊಳ್ಳೋಕೆ ಅಸಹ್ಯ ಆಗುತ್ತೆ.

"ಹಾಲು ನಿಂತೋಯ್ತು ನಾಯ್ನಾ. ಸೀಸೇಲಿ ಕೊಟ್ರೆ ಕರು ಬಾಯೇ ತೆಗೀಲಿಲ್ಲ. ಸೋಮವಾರ ಸತ್ತೋಯ್ತು."

ಸೋಮವಾರ...

ಪುಣ್ಯಾತ್ಮ ಕೈಯನ್ನ ಲುಂಗಿಗೆ ಒರೆಸ್ಕೊಂಡು ಮನೆಗೆ ಹೋಗಿ ಮಲಗಿದ.

ಬೆಳಗ್ಗೆ ಅಂಗಡಿ ಮುಂದೆ ಜಾತ್ರೆ. ವೈರು ಚುಚ್ಚಿದ. ಕಂಪ್ಯೂಟರ್ ನಿಂತಿತು. ಮೌಸ್ ಇಲ್ಲ, ಕೀಬೋರ್ಡಿಲ್ಲ. ಸ್ಪೀಕರಿಂದ ಮಾತ್ರ... ಚಪ್. ಚಪ್. ಮಕ್ಕಳು ಮೂಗು ಮುಚ್ಕೊಂಡು ಆಚೆ ಓಡಿದರು, ಅಷ್ಟು ನಾತ. ಎಲ್ಲರೂ ಶ್ರೀನಿವಾಸಪುರದ ಬಸ್ಸು ಹತ್ತಿದರು. ಅಂಗಡಿ ಬಾಗಿಲು ಮತ್ತೆ ತೆಗೆಯಲಿಲ್ಲ.

ಏಣಿ ಹಾಕಿ ವೈರು ಬಿಚ್ಚಿದ್ದು ನಾನೇ. ಬೇರೆಯವರು ಹೇಳಿದ್ದಲ್ಲ, ನನ್ನ ಕಣ್ಣಾರೆ ಕಂಡಿದ್ದು. ಚೀಲ ಕಟ್ಟಿದ್ದ ಜಾಗದಲ್ಲಿ ವೈರನ್ನ ಏನೋ ಅಗಿದಿತ್ತು. ಇಲಿ ಅಂತೀರಾ? ಹಲ್ಲಿನ ಗುರುತು ಕೆಳಗಡೆ ಮಾತ್ರ ಇತ್ತು, ಮೇಲ್ಗಡೆ ಒಂದೂ ಇಲ್ಲ. ಕರುವಿಗೆ ಮೇಲ್ದವಡೇಲಿ ಮುಂದಿನ ಹಲ್ಲು ಇರಲ್ಲ.

ವೈರಿನ ಮೇಲೆ ಜೊಲ್ಲಿನ ನೊರೆ ಇನ್ನೂ ಆರಿರಲಿಲ್ಲ.