ಬಡಕಲಿ ಅನ್ನೋ ಡೊಳ್ಳುಹೊಟ್ಟೆ ತಟ್ಟು

ಕೇಳ್ರಪ್ಪಾ ಕೇಳ್ರಿ! ಕಾಲು ಚಾಚಿದೋರು ಮಡಚ್ಕೊಳ್ಳಿ, ಬಾಯಲ್ಲಿ ಎಲೆಅಡಿಕೆ ಇರೋರು ಉಗಿದು ಬನ್ನಿ. ನಡುವೆ ಎದ್ದು ಹೋಗಿ ಬಂದು "ಆಮೇಲೇನಾಯ್ತು" ಅಂದ್ರೆ ನಾನು ಹೇಳೋನಲ್ಲ. ಯಾವೂರ ಕತೆ ಅಂತ ಕೇಳ್ಬೇಡಿ. ಆರು ಹಳ್ಳ ದಾಟಿದ್ರೆ ಒಂದೂರು, ಅದರಾಚೆ ಇನ್ನೊಂದೂರು, ಆ ಇನ್ನೊಂದೂರಿನ ಕತೆ ಇದು. ಯಾವ ಕಾಲ? ನಮ್ಮಜ್ಜನ ಅಜ್ಜಿಗೆ ಇನ್ನೂ ಹಾಲುಹಲ್ಲು ಹುಟ್ಟದ ಕಾಲ. ಸಾಕಾ? ಸರಿ.

ಆ ಊರಲ್ಲಿ ದ್ಯಾವೀರಮ್ಮ ಅಂತ ಒಬ್ಬಳಿದ್ಲು. ಈಚಲ ಚಾಪೆ ಹೆಣೆಯೋದು ಅವಳ ಕಸುಬು. ಕೈ ಎಷ್ಟು ಓಡ್ತಿತ್ತೋ, ಬಾಯಿ ಅದರ ಎರಡರಷ್ಟು ಓಡ್ತಿತ್ತು. ಒಂದಿನ ಚಾಪೆ ಹೊತ್ಕೊಂಡು ಸಂತೆಗೆ ಹೋದ್ಲು. ಅಲ್ಲೊಬ್ಬ ವ್ಯಾಪಾರಿ ಒಂದು ತಟ್ಟು ಕುದುರೆಗೆ ಬಾರುಕೋಲಲ್ಲಿ ಬಾರಿಸ್ತಿದ್ದ. ಕುದುರೆ ಅಂದ್ರೆ ಏನು ಕುದುರೆ? ಮೂಳೆ ಮೇಲೆ ತೊಗಲು ಹೊದಿಸಿದಂಗಿತ್ತು. ಪಕ್ಕೆಲುಬು ಒಂದೊಂದೂ ಎಣಿಸಬಹುದಿತ್ತು. ದ್ಯಾವೀರಮ್ಮ ನಿಂತು ಎಣಿಸಿಯೂ ಬಿಟ್ಲು.

"ಏನಯ್ಯಾ, ಮನುಷ್ಯನಾ ನೀನು? ಹೊಡೆಯೋಕಾದ್ರೂ ಮೈ ಮೇಲೆ ಮಾಂಸ ಬೇಡ್ವೇನಯ್ಯಾ?" ಅಂದ್ಲು. ತಲೆ ಮೇಲಿದ್ದ ಚಾಪೆ ಕಟ್ಟನ್ನ ಅವನ ಕಾಲ ಹತ್ರ ಎಸೆದ್ಲು, ಕುದುರೆ ಹಗ್ಗ ಕಿತ್ಕೊಂಡ್ಲು, ಮನೆಗೆ ನಡೆದ್ಲು. ಬಡಕಲಾಗಿತ್ತು ಅಂತ ಬಡಕಲಿ ಅಂತ ಹೆಸರಿಟ್ಲು.

ಈಗ ಕೇಳಿ, ಎಡವಟ್ಟು ಇಲ್ಲಿಂದ ಶುರು. ಆ ಊರಿನ ಜನಕ್ಕೆ ಯಾರೇ ಎದುರಾದ್ರೂ "ಊಟ ಆಯ್ತಾ?" ಅನ್ನೋ ಚಾಳಿ. ನಾವೂ ಕೇಳ್ತೀವಿ, ಕೇಳಿ ನಮ್ಮ ಪಾಡಿಗೆ ನಾವು ಹೋಗ್ತೀವಿ. ಅವರು ಹಂಗಲ್ಲ! ಎದುರಿನೋರು ಇಲ್ಲ ಅಂದ್ರೆ, ಕೈಗೆ ಏನಾದ್ರೂ ಕೊಡದೆ ಮುಂದಕ್ಕೆ ಹೆಜ್ಜೆ ಇಡೋ ಹಂಗಿರಲಿಲ್ಲ. ಈ ತಟ್ಟುವಿನ ಕಿವಿಗೋ, ಹಿಂದೆ ಏಟು ಬಿದ್ದು ಗಾಯ ಆಗಿತ್ತು. ಯಾರಾದ್ರೂ ಹತ್ರ ಬಂದು ಮಾತಾಡಿದ್ರೆ ಸಾಕು, ತಲೆ ಆ ಕಡೆ ಈ ಕಡೆ ಒದರ್ತಿತ್ತು.

ಗಾಣದ ಚಿಕ್ಕಣ್ಣ ಬಂದ. "ಊಟ ಆಯ್ತೇನೇ ಬಡಕಲಿ?" ತಲೆ ಒದರ್ತು. "ಅಯ್ಯೋ ಪಾಪ, ಇಲ್ವಂತೆ!" ಅಂತ ಹಿಂಡಿ ಇಟ್ಟ. ಪುರಿಭಟ್ಟಿ ಸಾಕವ್ವ ಬಂದ್ಲು. "ಊಟ ಆಯ್ತೇನೇ ಬಡಕಲಿ?" ತಲೆ ಒದರ್ತು. "ಅಯ್ಯೋ ಪಾಪ, ಇಲ್ವಂತೆ!" ಅಂತ ಮಡಿಲು ತುಂಬ ಪುರಿ ಕಡ್ಲೆ ಸುರಿದ್ಲು. ಆಲೆಮನೆ ನಂಜೇಗೌಡ ಬಂದ. ಅವನೇನು ಇಟ್ಟ ಅಂತ ನಾನು ಬೇರೆ ಹೇಳ್ಬೇಕಾ? ಬೆಲ್ಲದಚ್ಚು, ಇಡೀ ಅಚ್ಚು!

ವರ್ಷ ಒಂದಾಯ್ತು, ಎರಡಾಯ್ತು. ಹೆಸರು ಬಡಕಲಿ, ಹೊಟ್ಟೆ ಡೊಳ್ಳು. ಬೆನ್ನ ಮೇಲೆ ಚಾಪೆ ಹೇರಿದ್ರೆ ಜಾರಿ ಬೀಳ್ತಿತ್ತು. ನಾಲ್ಕು ಹೆಜ್ಜೆ ಇಟ್ರೆ ಏದುಸಿರು. ದ್ಯಾವೀರಮ್ಮ ಚಾಪೆ ತಾನೇ ಹೊತ್ಕೊಂಡು ಸಂತೆಗೆ ಹೋಗ್ತಿದ್ಲು, ಬಡಕಲಿ ನೆರಳಲ್ಲಿ ನಿಂತು ಅವಳನ್ನ ಕಳಿಸಿಕೊಡ್ತಿತ್ತು.

ಒಂದಿನ ಕುದುರೆಗೆ ಲಾಳ ಕಟ್ಟೋ ಮದಾರ್ ಸಾಬ್ರು ಊರಿಗೆ ಬಂದ್ರು. ಕಾಲೆತ್ತಿ ಗೊರಸು ಮುಟ್ಟಿದ್ರು. ಅವರ ಮುಖ ಸಣ್ಣಗಾಯ್ತು.

"ಅಕ್ಕಾ, ಗೊರಸಿಗೆ ಕಾವು ಹತ್ತೋಕೆ ಶುರುವಾಗಿದೆ. ಇನ್ನೂ ನೋವು ಹಿಡಿದಿಲ್ಲ, ಪುಣ್ಯ. ಹಿಡೀತೋ, ಇದು ನಿಲ್ಲಲ್ಲ. ನಿಲ್ಲದ ಕುದುರೆ ಬದುಕಲ್ಲ."

"ಹಸಿವಿಂದ ಸಾಯೋದನ್ನ ಉಳಿಸ್ಕೊಂಡು ಬಂದೆ ಸಾಬ್ರೇ," ಅಂದ್ಲು ದ್ಯಾವೀರಮ್ಮ.

"ಈಗ ಊಟದಿಂದ ಸಾಯುತ್ತೆ. ಅತಿಯಾದ್ರೆ ಅಮೃತವೂ ವಿಷ ಅಲ್ವಾ? ಹಂಗಂತ ಉಪವಾಸ ಕೆಡವಬೇಡ, ಅದೂ ಕೆಟ್ಟದ್ದೇ. ಒಣಹುಲ್ಲು ಹಾಕು, ಅಳತೆ ಮಾಡಿ ಹಾಕು. ಬೆಲ್ಲ ಬೇಡ, ಹಿಂಡಿ ಬೇಡ, ಕಾಳು ಬೇಡ. ದಿನಾ ನಡೆಸು. ಮೂರು ತಿಂಗಳಿಗೆ ಬರ್ತೀನಿ. ಪಕ್ಕೆಲುಬು ಕಣ್ಣಿಗೆ ಕಾಣಬಾರ್ದು, ಕೈಗೆ ಸಿಗಬೇಕು."

ದ್ಯಾವೀರಮ್ಮ ಮನೆಮನೆಗೂ ಹೋಗಿ ಕೈ ಮುಗಿದ್ಲು. "ಇಕ್ಕಬೇಡ್ರಪ್ಪಾ, ಸಾಯುತ್ತೆ." "ಅಯ್ಯೋ, ನಾವ್ಯಾಕೆ ಇಕ್ತೀವಿ ತಾಯಿ!" ಅಂದ್ರು ಎಲ್ಲಾ. ಮಾರನೇ ದಿನ? ಹಿಂಡಿ, ಪುರಿ, ಬೆಲ್ಲ! "ಏನ್ರೋ ಇದು?" ಅಂದ್ರೆ, "ಒಂಚೂರು ಕಣಕ್ಕ, ಇಲ್ಲ ಅಂತ ತಲೆ ಒದರಿದ್ರೆ ಬಿಟ್ಟು ಹೋಗೋಕಾಗುತ್ತಾ?" ಅಂತಾರೆ. ಅರವತ್ತು ಮನೆ, ಅರವತ್ತು ಒಂಚೂರು. ನೀವೇ ಲೆಕ್ಕ ಹಾಕ್ಕೊಳ್ಳಿ.

ಅವಳು ಹಿತ್ತಿಲಿಗೆ ಮುಳ್ಳುಬೇಲಿ ಕಟ್ಟಿದ್ಲು. ಬೇಲಿ ಮೇಲಿಂದ ಬೆಲ್ಲ ಹಾರಿ ಬಂತು. ಕಣ ತುಳಿಯೋ ಎತ್ತಿಗೆ ಕಟ್ತಾರಲ್ಲ, ಆ ಕುಕ್ಕೆ ತಂದು ತಟ್ಟುವಿನ ಬಾಯಿಗೆ ಕಟ್ಟಿದ್ಲು. "ಅಯ್ಯೋ, ಮೂಕಪ್ರಾಣಿ ಬಾಯಿ ಕಟ್ಟವ್ಳಲ್ಲ ಪಾಪಿ!" ಅಂತ ಊರೇ ಮರುಗಿ, ಕುಕ್ಕೆ ಬಿಚ್ಚಿ, ಮರುಗಿದ್ದಕ್ಕೆ ಇನ್ನೊಂದು ಹಿಡಿ ಜಾಸ್ತಿ ಇಕ್ಕಿದ್ರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಕೋಣ ಸುಮ್ನೆ ನಿಂತಾದ್ರೂ ಇರುತ್ತೆ. ಇವರು ಕೋಣಕ್ಕಿಂತ ಕಡೆ!

ಮೂರನೇ ಸಲ ಅವಳಿಗೆ ರೇಗಿಹೋಯ್ತು. ಅರಳಿಕಟ್ಟೆ ಹತ್ತಿ ನಿಂತ್ಲು.

"ಲೋ ಚಿಕ್ಕಣ್ಣ, ಮನೆಗೆ ಬಂದ ನೆಂಟರಿಗೆ ಊಟ ಇಕ್ಕಿದ ಮೇಲೆ ಏನ್ಮಾಡ್ತೀವಿ ನಮ್ಮೂರಲ್ಲಿ?"

"ಗಡಿಕಲ್ಲಿನ ತನಕ ನಡೆದು ಕಳಿಸಿ ಬರ್ತೀವಿ. ಊಟ ಇಕ್ಕಿ ಕಳಿಸದೆ ಇದ್ರೆ ಆ ಊಟ ಇಕ್ಕಿದಂಗಲ್ಲ, ನಾಯಿಗೆ ಹಾಕಿದಂಗೆ."

"ಬಡಕಲಿಗೆ ನೀನು ಹಾಕಿದ್ದು ನಾಯಿಗೆ ಹಾಕಿದ್ದೋ, ನೆಂಟರಿಗೆ ಇಕ್ಕಿದ್ದೋ?"

"ನೆಂಟರಿಗೇ ಇಕ್ಕಿದ್ದು ಕಣಕ್ಕ," ಅಂದ ಚಿಕ್ಕಣ್ಣ.

"ಹಂಗಾದ್ರೆ ನಡಿ! ಯಾರು ಇಕ್ತಾರೋ ಅವರು ಗಡಿಕಲ್ಲಿಗೆ ನಡೆಸ್ಕೊಂಡು ಹೋಗಿ, ವಾಪಸ್ ಕರ್ಕೊಂಡು ಬರಬೇಕು. ನೀವು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ. ಚಾಪೆ ಹೆಣೆಯೋಳು ಕಣ್ರೋ ನಾನು, ಅದರ ಕೆಳಗೆ ಎಷ್ಟು ಜಾಗ ಇದೆ ಅಂತ ನನಗೆ ಗೊತ್ತಿಲ್ವಾ?"

ಗಡಿಕಲ್ಲು ಎಲ್ಲಿತ್ತು ಅಂತೀರಾ? ಅರ್ಧ ಹರದಾರಿ ದೂರ, ದಿಬ್ಬದ ನೆತ್ತಿ ಮೇಲೆ. ಚಿಕ್ಕಣ್ಣ ಹೋಗಿ ಬಂದು ಗಾಣದ ಪಕ್ಕ ಅಂಗಾತ ಬಿದ್ಕೊಂಡ. ಸಾಕವ್ವ ಹೋಗಿ ಬಂದು ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಸ್ಕೊಂಡ್ಲು. ನಂಜೇಗೌಡ ಹೋಗುವಾಗ ಬೆಲ್ಲ ಇಕ್ಕಿದ್ದಕ್ಕೆ ತನ್ನನ್ನ ತಾನೇ ಬೈಕೊಂಡು ಹೋದ, ಬರುವಾಗ ಬಡಕಲಿಯನ್ನ ಬೈಕೊಂಡು ಬಂದ. ಹದಿನೈದು ದಿನದಲ್ಲಿ ಊರೋರು ಬಡಕಲಿ ಕಂಡ್ರೆ ಬೇರೆ ಬೀದಿ ಹಿಡಿಯೋಕೆ ಶುರು ಮಾಡಿದ್ರು. ಬಡಕಲಿ ಹೊಟ್ಟೆ ಒಂದು ಬೆರಳು ಇಳೀತು, ಎರಡು ಬೆರಳು ಇಳೀತು.

ಆಮೇಲೆ ನಿಂತೇ ಹೋಯ್ತು! ಒಂದು ತಿಂಗಳು ಕಳೀತು, ಹೊಟ್ಟೆ ಅಲ್ಲಾಡಲಿಲ್ಲ. ದ್ಯಾವೀರಮ್ಮ ಬೀದಿ ನಡುವೆ ನಿಂತು ಕೂಗಿದ್ಲು. "ಯಾವ ಮನೆ ಕೈಯೇ ಅದು? ಕದ್ದು ಇಕ್ಕೋ ಕೈ ಸೇದಿಹೋಗ!" ಊರೋರು ಆಣೆ ಮಾಡಿದ್ರು. ಯಾರೂ ಇಕ್ಕಿಲ್ಲ, ಸತ್ಯವಾಗ್ಲೂ ಇಕ್ಕಿಲ್ಲ. ಬೈಸ್ಕೊಂಡು ಬೈಸ್ಕೊಂಡು ಸಾಕವ್ವನಿಗೆ ಉರಿದುಹೋಯ್ತು. ಕಳ್ಳ ಯಾರು ನೋಡೇಬಿಡ್ತೀನಿ ಅಂತ ಮಟಮಟ ಮಧ್ಯಾಹ್ನ ಹೋಗಿ ಹುಲ್ಲಿನ ಬಣವೆ ಹಿಂದೆ ಕೂತ್ಲು.

ಯಾರು ಬಂದ್ರು ಹೇಳಿ ನೋಡೋಣ? ದ್ಯಾವೀರಮ್ಮ! ಸೆರಗಲ್ಲಿ ಬೇಯಿಸಿದ ಹುರುಳಿ! "ಬೆಳಿಗ್ಗೆ ಬೈದೆ ಅಂತ ಬೇಜಾರಾ ನನ್ನವ್ವ? ತಗೋ, ಒಂದೇ ಹಿಡಿ." ಅವಳು ದಿನಕ್ಕೆ ಹತ್ತು ಸಲ ಬೈಯೋಳು. ಅಂದ್ರೆ ಹತ್ತು ಹಿಡಿ!

"ಬನ್ರೋ! ಬೇಲಿಯೇ ಎದ್ದು ಹೊಲ ಮೇಯ್ತಾ ಇದೆ, ಬನ್ರೋ!" ಅಂತ ಸಾಕವ್ವ ಬಾಯಿ ಬಡ್ಕೊಂಡ್ಲು. ಊರು ಕೂಡ್ತು. ಅರವತ್ತು ಮನೆ ಸಿಟ್ಟು ಒಟ್ಟಿಗೆ ಬಂತು. "ನಮ್ಮ ಕಾಲು ಸವೆಸಿದ್ಯಲ್ಲೇ! ಹೇಳೋದು ಆಚಾರ, ತಿನ್ನೋದು ಬದನೇಕಾಯಾ?"

ದ್ಯಾವೀರಮ್ಮ ತಿರುಗಿ ಬೈತಾಳೆ ಅಂದ್ಕೊಂಡ್ರಾ? ಇಲ್ಲ. ಹುರುಳಿ ಕೈಯಲ್ಲೇ ಇತ್ತು. ನಿಂತಲ್ಲೇ ಅತ್ತುಬಿಟ್ಲು.

"ಸಂತೆಯಲ್ಲಿ ಇದರ ಎಲುಬು ಎಣಿಸಿದೀನಿ ಕಣ್ರೋ. ಹೊಟ್ಟೆ ಇಳೀತಾ ಬಂದ್ರೆ ನನಗೆ ಆವತ್ತಿನದೇ ಕಣ್ಣಿಗೆ ಕಟ್ಟುತ್ತೆ. ಬುದ್ಧಿ ಬೇಡ ಅನ್ನುತ್ತೆ, ಕೈ ಕೇಳಲ್ಲ."

ನಂಜೇಗೌಡ ಮುಂದೆ ಬಂದ. "ಅದೆಲ್ಲಾ ಸರಿ ಕಣಕ್ಕ. ಗಡಿಕಲ್ಲು ಎಲ್ಲಿದೆ ಗೊತ್ತಲ್ಲ?"

ನಡೆದ್ಲು ದ್ಯಾವೀರಮ್ಮ. ಹಿಡಿಗೊಂದು ಸಲ. ಮೊದಲ ದಿನ ಮೂರು ಸಲ ಹತ್ತಿ ಇಳಿದ್ಲು, ಊರನ್ನ ಬೈತಾ, ದಿಬ್ಬನ ಬೈತಾ, ಹುರುಳಿ ಬೆಳೆದೋನನ್ನ ಬೈತಾ. ಮಾರನೇ ದಿನ ಎರಡು ಸಲ. ಆಮೇಲೆ ಕೈ ಸೆರಗಿಗೆ ಹೋದ್ರೂ ಕಾಲು ಬೇಡ ಅನ್ನೋದು. ವಾರ ಕಳೆಯೋ ಹೊತ್ತಿಗೆ ಹುರುಳಿ ನಿಂತ್ಹೋಯ್ತು. ನಡಿಗೆ ಮಾತ್ರ ಬಿಡಲಿಲ್ಲ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಇಬ್ಬರೂ ಜೊತೆಗೆ.

ಮೂರು ತಿಂಗಳು ತುಂಬೋ ದಿನ ಬೆಳಿಗ್ಗೆ ದಿಬ್ಬದ ಮೇಲೆ ಗಾಳಿ ಬೀಸ್ತು. ಬಡಕಲಿ ಕಿವಿ ನಿಮಿರಿಸ್ತು, ಒಂದ್ಸಲ ಕೆನೀತು, ಹಗ್ಗ ಕಿತ್ಕೊಂಡು ಓಡ್ತು! ಬಂದ ದಿನ ಓಡೋಕೆ ಮೈಯಲ್ಲಿ ಕಸುವಿರಲಿಲ್ಲ, ಆಮೇಲೆ ಮೈಯೇ ಓಡಗೊಡಲಿಲ್ಲ. ಅದು ಓಡಿದ್ದನ್ನ ದ್ಯಾವೀರಮ್ಮ ಕಂಡೇ ಇರಲಿಲ್ಲ. ಓಡ್ತು, ಓಡ್ತು, ಗಡಿಕಲ್ಲು ದಾಟಿ ಹೋಯ್ತು.

ಗಡಿಕಲ್ಲು ದಾಟಿದೋರನ್ನ ಹಿಂದಿನಿಂದ ಕೂಗಬಾರ್ದು, ಅದು ಆ ಊರಿನ ಕಟ್ಟಳೆ. ಕೂಗಿದ್ರೆ ಹೋಗೋರಿಗೆ ಕೇಡು. ಹುಟ್ಟಿದಾಗಿಂದ ಬಾಯಿ ಮುಚ್ಚದ ಹೆಂಗಸು, ಸೆರಗು ಬಾಯಿಗೆ ತುರುಕಿಕೊಂಡು ನಿಂತ್ಲು. ಕಣ್ಣಲ್ಲಿ ದಳದಳ ನೀರು. "ಹೋಗ್ಲಿ, ಓಡ್ತಲ್ಲ, ಬದುಕ್ತಲ್ಲ," ಅಂತ ಒಳಗೊಳಗೇ ಅಂದ್ಕೊಂಡ್ಲು. ಬಡಕಲಿ ಆಚೆ ಬಯಲಲ್ಲಿ ಒಂದು ಸುತ್ತು ಹಾಕ್ತು. ಎರಡು ಸುತ್ತು ಹಾಕ್ತು. ಮೂರನೇ ಸುತ್ತಿಗೆ ತಾನಾಗೇ ತಿರುಗಿ, ಕಲ್ಲು ದಾಟಿ ಈಚೆ ಬಂದು, ಅವಳ ಪಕ್ಕದಲ್ಲೇ ದೂಳೆಬ್ಬಿಸ್ಕೊಂಡು ಸೀದಾ ಊರ ಕಡೆ ಇಳೀತು. "ನಿಂತ್ಕೊಳ್ಳೇ! ನನ್ನನ್ನ ಬಿಟ್ಟು ಎಲ್ಲಿಗೇ!" ಅಂತ ಆಗ ಬಂತು ಬಾಯಿ!

ಊರ ಬಾಗಿಲಲ್ಲಿ ಮದಾರ್ ಸಾಬ್ರು ಓಡಿ ಬಂದ ಬಡಕಲಿ ಹಗ್ಗ ಹಿಡ್ಕೊಂಡು ನಿಂತಿದ್ರು. ಗೊರಸು ಮುಟ್ಟಿದ್ರು, ತಣ್ಣಗಿತ್ತು. ಪಕ್ಕೆ ಸವರಿದ್ರು. "ಎಲುಬು ಕೈಗೆ ಸಿಕ್ತು ಅಕ್ಕಾ. ಉಳಿಸ್ಕೊಂಡೆ!"

ಅಷ್ಟು ಕೇಳಿದ್ದೇ ತಡ, ಊರಿಗೆ ಊರೇ ಕುಣೀತು. ಕುಣಿದು ಏನ್ಮಾಡಿದ್ರು ಗೊತ್ತಾ? ಚಿಕ್ಕಣ್ಣ ಹಿಂಡಿ ತಂದ. ಸಾಕವ್ವ ಪುರಿ ತಂದ್ಲು. ನಂಜೇಗೌಡ ಬೆಲ್ಲದಚ್ಚು ಎತ್ಕೊಂಡು ಓಡಿ ಬಂದ. ಅಯ್ಯೋ ನಿಮ್ಮ ಬುದ್ಧಿಗಿಷ್ಟು!

ದ್ಯಾವೀರಮ್ಮ ಏದುಸಿರು ಬಿಡ್ತಾ ಬಂದು ಅಡ್ಡ ನಿಂತ್ಲು. "ತೆಗೀರೋ ಕೈ! ಹೋದ ನೆಂಟ ತಾನಾಗೇ ಗಡಿಕಲ್ಲು ದಾಟಿ ವಾಪಸ್ ಬರ್ತಾನೇನ್ರೋ? ಇದು ಬಂತು. ಇನ್ಮೇಲೆ ಇದು ನೆಂಟ ಅಲ್ಲ, ನನ್ನ ಮನೆಮಗಳು. ಮನೆಮಗಳನ್ನ ಯಾರಾದ್ರೂ ಉಪಚಾರ ಮಾಡ್ತಾರಾ? ಕೆಲಸ ಹೇಳ್ತಾರೆ!"

ಅಂದೋಳೇ ಚಾಪೆ ಕಟ್ಟು ತಂದು ಬಡಕಲಿ ಬೆನ್ನಿಗೆ ಹೇರಿ ಬಿಗಿದ್ಲು. ಜಾರಲಿಲ್ಲ. ಇಬ್ಬರೂ ಸಂತೆ ದಾರಿ ಹಿಡಿದ್ರು.

ಅವರು ಆ ದಾರೀಲಿ ಹೋದ್ರು, ಕತೆ ಈ ದಾರೀಲಿ ಬಂತು, ದಾರಿ ಮುಗೀತು, ಮಾತು ಮುಗೀತು. ಇನ್ನೂ ಯಾಕ್ರಪ್ಪಾ ಕೂತಿದ್ದೀರಿ? ಏಳ್ರಿ, ನಡೀರಿ!