ಟೆನಿಸ್ಸಿನಿಂದ ಶುರುವಾದ ಮಾತು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಕೂತಿದ್ದ ದರ್ಜಿಯ ಕೆನ್ನೆ ಊದಿ ಬಾಯಿ ಬಿಡಲಾಗುತ್ತಿರಲಿಲ್ಲ. ಕಿವಿಗಳೇನೋ ಚೆನ್ನಾಗಿಯೇ ಇದ್ದವು. ಗೋಡೆಯ ಟಿವಿಯಲ್ಲಿ ಟೆನಿಸ್ ನಡೆದಿತ್ತು. ಪಕ್ಕದಲ್ಲಿ ಗಂಡನೊಬ್ಬ ಹೆಂಡತಿಗೆ ಹೇಳುತ್ತಿದ್ದ:

“ಟೆನಿಸ್ ಅನ್ನೋದು ಫ್ರೆಂಚರ ಮಾತಂತೆ ಕಣೇ. ಚೆಂಡು ಹೊಡೆಯೋನು ಮೊದಲು ‘ತನೇ’ ಅಂತ ಕೂಗ್ತಿದ್ನಂತೆ. ‘ತಗೋ’ ಅಂತ. ಇಂಗ್ಲಿಷರು ಅದನ್ನೇ ಆಟದ ಹೆಸರು ಮಾಡ್ಕೊಂಡ್ರು.”

“ಯಾಕೆ ಕೂಗೋದು?”

“ಆ ಕಡೆಯೋನು ಸಿದ್ಧವಾಗಿರ್ಲಿ ಅಂತ.”

“ಒಳ್ಳೇ ಜನ.”

“ಯಾಕೆ?”

“ಹೊಡೆಯೋ ಮುಂಚೆ ಹೇಳ್ತಿದ್ರಲ್ಲ. ನೀವು ಕೆಲಸ ಬಿಟ್ಟಿದ್ದು ನಂಗೆ ಗೊತ್ತಾಗಿದ್ದು ನಿಮ್ಮಕ್ಕನಿಂದ.”

ಟಿವಿಯಲ್ಲಿ ಚೆಂಡು ಆಚೆ ಹೋಗಿ ಈಚೆ ಬಂತು.

“ಇವತ್ತು ಹೇಳೋಣ ಅಂತಿದ್ದೆ. ಅದಕ್ಕೇ ಟೆನಿಸಿಂದ ಶುರು ಮಾಡ್ದೆ.”

“ಇನ್ನೇನು ಮುಚ್ಚಿಟ್ಟಿದ್ದೀರಿ?”

ಗಂಡ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

“ಬ್ಯಾಡ್ಮಿಂಟನ್ ಅನ್ನೋದು ಒಂದು ಮನೆ ಹೆಸರು, ಗೊತ್ತಾ?”

“ನಮ್ಮನೇನ ಏನ್ ಮಾಡಿದ್ರಿ?”

ಅಷ್ಟರಲ್ಲಿ ನರ್ಸ್ ಅವನನ್ನು ಕರೆದಳು. ಹಲ್ಲು ಕೀಳಿಸಿಕೊಳ್ಳಲು ಇಷ್ಟು ಅವಸರದಿಂದ ಎದ್ದವರನ್ನು ದರ್ಜಿ ಕಂಡಿರಲಿಲ್ಲ. ಹೆಂಡತಿಯೂ ಚೀಲ ಎತ್ತಿಕೊಂಡು ಹಿಂದೆಯೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.